ಏಳನೇ ತಿಂಗಳಲ್ಲಿ ಸೊಂಟ, ತೊಡೆಸಂದಿಯ ನೋವು: ಸಹಿಸಿಕೊಳ್ಳುವುದೊಂದೇ ದಾರಿಯೇ?

ಪ್ರಶ್ನೆ: ನಾನು ಸುರತ್ಕಲ್‌ನವಳು. ಮೊದಲ ಬಸಿರು, ಏಳನೇ ತಿಂಗಳು ನಡೆಯುತ್ತಿದೆ. ಹಂಪನಕಟ್ಟೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ, ದಿನವೂ ಸಿಟಿ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಕೆಲವು ವಾರಗಳಿಂದ ಎರಡು ತೊಡೆಗಳ ನಡುವೆ ಮುಂದಿನ ಮೂಳೆಯಲ್ಲಿ ಮತ್ತು ಬಲಗಡೆ ಸೊಂಟದ ಹಿಂಭಾಗದಲ್ಲಿ ವಿಪರೀತ ನೋವು. ಬಸ್ಸಿನ ಮೆಟ್ಟಿಲು ಹತ್ತುವಾಗ, ರಾತ್ರಿ ಮಗ್ಗುಲು ಬದಲಿಸುವಾಗ ಜೀವ ಹೋದಂತಾಗುತ್ತದೆ. ಸ್ಕ್ಯಾನಿಂಗ್‌ನಲ್ಲಿ ಮಗು ಚೆನ್ನಾಗಿದೆ ಎಂದಿದ್ದಾರೆ. ‘ಬಸುರಿಯರಿಗೆ ಇದೆಲ್ಲ ಇದ್ದದ್ದೇ. ಕುಕ್ಕರುಗಾಲಿನಲ್ಲಿ ಕೂತು ನೆಲ ಒರೆಸು, ಹೆರಿಗೆ ಸಲೀಸಾಗುತ್ತದೆ’ ಎನ್ನುತ್ತಾರೆ ಅತ್ತೆ. ಹಾಗೆ ಮಾಡಿದ ದಿನ ನೋವು ಇನ್ನೂ ಹೆಚ್ಚು. ಇದು ಸಹಜವೇ? ಮಗುವಿಗೆ ತೊಂದರೆ ಇದೆಯೇ? ಸಿಸೇರಿಯನ್ನೇ ಮಾಡಬೇಕಾಗುತ್ತದೆಯೇ?

ಉತ್ತರ: ಕೊನೆಯ ಎರಡು ಪ್ರಶ್ನೆಗಳಿಗೆ ಮೊದಲು ಉತ್ತರಿಸುತ್ತೇನೆ, ನಿಮ್ಮ ನಿದ್ದೆ ಕೆಡಿಸುತ್ತಿರುವುದು ಬಹುಶಃ ಅವೇ. ಈ ನೋವಿನಿಂದ ಮಗುವಿಗೆ ತೊಂದರೆ ಇಲ್ಲ. ಇದೊಂದೇ ಕಾರಣಕ್ಕೆ ಸಿಸೇರಿಯನ್ ಸಾಮಾನ್ಯವಾಗಿ ಬೇಕಾಗುವುದೂ ಇಲ್ಲ.

ಇನ್ನು ಸಹಜವೇ ಎಂದರೆ, ಐವರು ಗರ್ಭಿಣಿಯರಲ್ಲಿ ಸುಮಾರು ಒಬ್ಬರಿಗೆ ಇದು ಕಾಣಿಸಿಕೊಳ್ಳುತ್ತದೆ. ಆದರೆ ಹಲವರಿಗೆ ಬರುತ್ತದೆ ಎಂಬುದಕ್ಕೂ ಹಲ್ಲು ಕಚ್ಚಿಕೊಂಡು ಇರಬೇಕು ಎಂಬುದಕ್ಕೂ ಸಂಬಂಧವಿಲ್ಲ. ಮಂಗಳೂರಿನಲ್ಲಿ ಮಲೇರಿಯಾ ಒಂದು ಕಾಲದಲ್ಲಿ ಮನೆಮನೆಯ ಮಾತಾಗಿತ್ತು, ಹಾಗೆಂದು ಯಾರೂ ಮಾತ್ರೆ ನುಂಗದೆ ಕೂರಲಿಲ್ಲ. ‘ಇದ್ದದ್ದೇ’ ಎಂಬ ಮಾತು ಕೇಳಿ ಕೇಳಿ, ನಡೆಯಲೂ ಆಗದ ಸ್ಥಿತಿ ತಲುಪಿದ ಮೇಲೆ ಫಿಸಿಯೋಥೆರಪಿಗೆ ಬರುವ ಹೆಂಗಸರನ್ನು ನೋಡಿದಾಗ ನನಗೆ ಬೇಸರಕ್ಕಿಂತ ಸಿಟ್ಟೇ ಹೆಚ್ಚು ಬರುತ್ತದೆ. ಬೇಗ ಬಂದಷ್ಟೂ ಇದನ್ನು ಹತೋಟಿಗೆ ತರುವುದು ಸುಲಭ.

ನೀವು ವಿವರಿಸಿದ ಲಕ್ಷಣಗಳು ಪೆಲ್ವಿಕ್ ಗರ್ಡಲ್ ಪೇನ್ ಎಂಬ ತೊಂದರೆಗೆ ಹೊಂದುತ್ತವೆ. ಮುಂದಿನ ತಪಾಸಣೆಯಲ್ಲಿ ವೈದ್ಯರ ಬಳಿ ಈ ಹೆಸರು ಹಿಡಿದೇ ಕೇಳಿ. ಬರೀ ‘ಸೊಂಟ ನೋವು’ ಎಂದರೆ ಗಡಿಬಿಡಿಯ ಹೊರರೋಗಿ ವಿಭಾಗದಲ್ಲಿ ಕ್ಯಾಲ್ಸಿಯಂ ಮಾತ್ರೆಯ ಚೀಟಿಯೊಂದಿಗೆ ಮಾತು ಮುಗಿದುಬಿಡಬಹುದು.

ಸೊಂಟದ ಎಲುಬುಗಳು ಸೇರಿ ಒಂದು ಉಂಗುರವಾಗಿವೆ. ಎಡಬಲದ ಎರಡು ದೊಡ್ಡ ಮೂಳೆಗಳು ಮುಂದೆ ಮೃದ್ವಸ್ಥಿಯ ಸಹಾಯದಿಂದ ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಹಿಂದೆ ಬೆನ್ನೆಲುಬಿನ ಬುಡದ ತ್ರಿಕೋನಾಕಾರದ ಮೂಳೆಯನ್ನು ಎರಡೂ ಬದಿಯಿಂದ ಅಪ್ಪಿಕೊಳ್ಳುತ್ತವೆ. ಒಟ್ಟು ಮೂರು ಕೂಡುವ ಜಾಗಗಳು. ಮುಂದಿನ ಕೂಡುವಿಕೆಯ ಅಂತರ ಸಾಮಾನ್ಯವಾಗಿ 4-5 ಮಿಲಿಮೀಟರ್, ಬಸಿರಿನಲ್ಲಿ ಅದು ಇನ್ನೂ 2-3 ಮಿಲಿಮೀಟರ್ ಅಗಲವಾಗುವುದು ಸ್ವಾಭಾವಿಕ. ರಿಲ್ಯಾಕ್ಸಿನ್ ಎಂಬ ಹಾರ್ಮೋನಿನಿಂದ ಎಲ್ಲ ಸಡಿಲವಾಗಿ ನೋವು ಬರುತ್ತದೆ ಎಂಬ ವಿವರಣೆಯನ್ನು ನೀವು ಓದಿರಬಹುದು. ಅದು ಪೂರ್ತಿ ಕಥೆಯಲ್ಲ. ಆ ಹಾರ್ಮೋನು ಅತಿ ಹೆಚ್ಚಿರುವುದು ಮೊದಲ ಮೂರು ತಿಂಗಳಲ್ಲಿ, ನೋವು ಹೆಚ್ಚಿನವರಿಗೆ ಬರುವುದು ಆಮೇಲೆ. ಹಾರ್ಮೋನು ಜಾಸ್ತಿ ಇದ್ದವರಿಗೆ ನೋವೂ ಜಾಸ್ತಿ ಎಂದೇನಿಲ್ಲ. ಹೊಟ್ಟೆಯ ಭಾರ, ಬದಲಾದ ನಿಲುವು, ದಣಿದ ಸ್ನಾಯುಗಳು, ಮೂರು ಕೀಲುಗಳು ಒಂದೇ ಲಯದಲ್ಲಿ ಚಲಿಸದಿರುವುದು, ಹಿಂದೆಂದೋ ಬಿದ್ದು ಸೊಂಟಕ್ಕೆ ಆದ ಪೆಟ್ಟು, ಇವೆಲ್ಲ ಸೇರುತ್ತವೆ. ಆದ್ದರಿಂದ ‘ಮೂಳೆ ಬಿಟ್ಟುಕೊಂಡಿದೆ’ ಎಂದು ಯಾರಾದರೂ ಹೆದರಿಸಿದರೆ ಹೆದರಬೇಡಿ.

ಎರಡೂ ಕಾಲ ಮೇಲೆ ನಿಂತಾಗ ಭಾರ ಆ ಉಂಗುರದಲ್ಲಿ ಸಮನಾಗಿ ಹಂಚಿಹೋಗುತ್ತದೆ. ಒಂದು ಕಾಲೆತ್ತಿದ ಕ್ಷಣ ಇಡೀ ಭಾರ ಒಂದೇ ಬದಿಗೆ ಬೀಳುತ್ತದೆ, ಮುಂದಿನ ಕೀಲು ಮೇಲೆ ಕೆಳಗೆ ಜಗ್ಗಿದಂತಾಗುತ್ತದೆ. ತೊಡೆಗಳನ್ನು ಅಗಲಿಸಿದಾಗಲೂ ಅಷ್ಟೇ. ನಿಮ್ಮ ಬಸ್ಸಿನ ಮೆಟ್ಟಿಲು, ನಡುರಾತ್ರಿಯ ಮಗ್ಗುಲು, ನೆಲ ಒರೆಸುವುದು ಮೂರರಲ್ಲೂ ಇದೇ ನಡೆಯುತ್ತದೆ. ದಿನದಲ್ಲಿ ಎಲ್ಲೆಲ್ಲಿ ಒಂಟಿ ಕಾಲಿಗೆ ಭಾರ ಬೀಳುತ್ತಿದೆ, ಎಲ್ಲೆಲ್ಲಿ ಕಾಲು ಅಗಲವಾಗುತ್ತಿದೆ ಎಂದು ಹುಡುಕಿ ಅವನ್ನು ಕಡಿಮೆ ಮಾಡುತ್ತ ಹೋದರೆ ಅರ್ಧ ಚಿಕಿತ್ಸೆ ಆದಂತೆಯೇ.

ನಮ್ಮ ಸಿಟಿ ಬಸ್ಸಿನಿಂದಲೇ ಶುರು ಮಾಡೋಣ. ಅದರ ಮೊದಲ ಮೆಟ್ಟಿಲು ಇರುವುದು ಓಟಗಾರರಿಗೆ. ಒಂದು ಕಾಲು ಒಳಗಿಡುವಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿರುತ್ತಾನೆ. ‘ಸ್ವಲ್ಪ ನಿಲ್ಲಿಸಿ, ನಿಧಾನ ಹತ್ತುತ್ತೇನೆ’ ಎಂದು ಗಟ್ಟಿಯಾಗಿ ಹೇಳಲು ಸಂಕೋಚ ಬೇಡ. ಎರಡೂ ಕಡೆಯ ಹಿಡಿಕೆ ಹಿಡಿದು, ನೋವು ಕಡಿಮೆ ಇರುವ ಎಡಗಾಲನ್ನು ಮೊದಲು ಮೇಲಿಡಿ, ಬಲಗಾಲನ್ನು ಅದೇ ಮೆಟ್ಟಿಲಿಗೆ ತಂದು ಸೇರಿಸಿ. ಇಳಿಯುವಾಗ ಬಲಗಾಲು ಮೊದಲು. ಮನೆಯ, ಅಂಗಡಿಯ ಮೆಟ್ಟಿಲುಗಳಿಗೂ ಇದೇ ಕ್ರಮ. ಸಂಜೆ ಹಂಪನಕಟ್ಟೆಯ ನೂಕುನುಗ್ಗಲಿನಲ್ಲಿ ಹತ್ತುವ ಬದಲು, ನಡೆಯಲು ಸಾಧ್ಯವಾದ ದಿನ ಸ್ಟೇಟ್‌ಬ್ಯಾಂಕ್ ನಿಲ್ದಾಣಕ್ಕೇ ಹೋಗಿ ಹೊರಡಲು ಕಾದಿರುವ ಬಸ್ಸು ಹತ್ತಿದರೆ ಸೀಟೂ ಸಿಗುತ್ತದೆ, ಅವಸರವೂ ಇರುವುದಿಲ್ಲ. ರಿಕ್ಷಾ ಅಥವಾ ಕಾರಾದರೆ ಸೀಟಿಗೆ ಬೆನ್ನು ಮಾಡಿ ಮೊದಲು ಕುಳಿತುಕೊಳ್ಳಿ, ಆಮೇಲೆ ಮಂಡಿಗಳನ್ನು ಜೋಡಿಸಿಕೊಂಡೇ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಿರುಗಿಸಿ. ಕಾರಿನ ಸೀಟಿನ ಮೇಲೆ ಪ್ಲಾಸ್ಟಿಕ್ ಚೀಲವೊಂದನ್ನು ಹಾಸಿಕೊಂಡರೆ ತಿರುಗುವುದು ಸಲೀಸು. ಕಾರು ಹೊರಡುವ ಮೊದಲು ಅದನ್ನು ತೆಗೆದುಬಿಡಿ, ಬ್ರೇಕ್ ಹಾಕಿದಾಗ ಜಾರಬಾರದು.

ಅಡುಗೆಮನೆಯಲ್ಲಿ ಮೆಟ್ಟುಕತ್ತಿ ಮತ್ತು ಹೆರೆಮಣೆಗೆ ಹೆರಿಗೆಯ ತನಕ ರಜೆ ಕೊಡಿ. ಎರಡರಲ್ಲೂ ಒಂದು ಕಾಲು ಮಡಚಿ, ಇನ್ನೊಂದನ್ನು ಬದಿಗಿಟ್ಟು, ಮೈ ತಿರುಚಿ ಕೂರಬೇಕು. ತರಕಾರಿಯನ್ನು ಮೇಜಿನ ಮುಂದೆ ಕುರ್ಚಿಯಲ್ಲಿ ಕುಳಿತು ಚೂರಿಯಿಂದ ಹೆಚ್ಚಿ, ಕಾಯಿ ತುರಿಯುವ ಕೆಲಸ ಮನೆಯ ಗಂಡಸರು ಕಲಿಯಲಿ. ಬಾವಿಯಿಂದ ನೀರು ಸೇದುವುದು, ಕೊಡ ಸೊಂಟಕ್ಕೇರಿಸುವುದು ಬೇಡ. ಸಾಮಾನು ತರಬೇಕಾದರೆ ಒಂದೇ ಕೈಗೆ ಭಾರ ಹಾಕದೆ ಎರಡೂ ಕೈಗೆ ಹಂಚಿ. ಒಳಉಡುಪು, ಚೂಡಿದಾರದ ಪ್ಯಾಂಟ್ ಹಾಕಿಕೊಳ್ಳುವಾಗ ಮಂಚದ ಮೇಲೆ ಕುಳಿತುಕೊಳ್ಳಿ. ಗೋಡೆ ಹಿಡಿದು ಒಂಟಿಕಾಲಿನಲ್ಲಿ ನಿಲ್ಲುವ ಆ ಅರ್ಧ ನಿಮಿಷವೇ ಇಡೀ ಬೆಳಗನ್ನು ಹಾಳುಮಾಡಬಲ್ಲದು.

ನಿಮ್ಮ ಅತ್ತೆಯ ಮಾತಿನಲ್ಲಿ ಅರ್ಧ ಸತ್ಯವಿದೆ, ಅದನ್ನು ಅವರಿಗೆ ಹೇಳಿಬಿಡಿ, ಮನೆಯ ಶಾಂತಿಗೂ ಒಳ್ಳೆಯದು. ಹಾಸಿಗೆ ಹಿಡಿದು ಮಲಗಿದರೆ ಸ್ನಾಯುಗಳು ಸೊರಗಿ ನೋವು ಹೆಚ್ಚುತ್ತದೆ, ಓಡಾಡುತ್ತಿರಬೇಕು ಎಂಬುದು ಸರಿ. ಕೈ ಮತ್ತು ಮಂಡಿ ಊರಿ ಸ್ವಲ್ಪ ಹೊತ್ತು ಇದ್ದರೆ ಹೊಟ್ಟೆಯ ಭಾರ ಮುಂದಕ್ಕೆ ಹೋಗಿ ಅನೇಕರಿಗೆ ಹಾಯೆನಿಸುತ್ತದೆ, ಅದೂ ಸರಿ. ತಪ್ಪುವುದು ಎಲ್ಲಿ ಎಂದರೆ, ಒರೆಸುವಾಗ ಒಂದು ಕೈ ಬೀಸಿ ಸೊಂಟ ತಿರುಚುವುದರಲ್ಲಿ ಮತ್ತು ಕುಕ್ಕರುಗಾಲಿನಲ್ಲಿ ತೊಡೆ ಅಗಲಿಸಿ ಕೂತೇ ಮುಂದಕ್ಕೆ ಸರಿಯುವುದರಲ್ಲಿ. ನೋವಿಲ್ಲದ ಗರ್ಭಿಣಿಗೆ ಇದು ನಡೆಯಬಹುದು, ನಿಮಗೆ ಬೇಡ. ಚಕ್ಕಳಮಕ್ಕಳ ಹಾಕಿ ಬಹಳ ಹೊತ್ತು ಕೂರುವುದೂ ಹಾಗೆಯೇ. ಏಳನೇ ತಿಂಗಳೆಂದರೆ ಸೀಮಂತದ ಮಾತು ಮನೆಯಲ್ಲಿ ನಡೆಯುತ್ತಿರಬಹುದು. ಮಣೆಯ ಬದಲು ಕುರ್ಚಿ ಹಾಕಿಸಿದರೆ ಶಾಸ್ತ್ರಕ್ಕೇನೂ ಕುಂದು ಬರುವುದಿಲ್ಲ.

ರಾತ್ರಿ ಮಂಡಿಗಳ ನಡುವೆಯಿಂದ ಪಾದದ ಗಂಟಿನವರೆಗೂ ದಿಂಬು ಇರುವಂತೆ ಮಗ್ಗುಲಾಗಿ ಮಲಗಿ. ಬರೀ ಮಂಡಿಗೆ ಚಿಕ್ಕ ದಿಂಬು ಇಟ್ಟರೆ ಪಾದ ಕೆಳಗೆ ಇಳಿದು ಸೊಂಟ ತಿರುಚುತ್ತದೆ. ಮಗ್ಗುಲು ಬದಲಿಸುವಾಗ ಮಂಡಿ ಮಡಚಿ, ದಿಂಬನ್ನು ತೊಡೆಗಳಿಂದ ಒತ್ತಿ ಹಿಡಿದು, ಭುಜ, ಸೊಂಟ, ಕಾಲು ಎಲ್ಲವನ್ನೂ ಒಟ್ಟಿಗೆ ಹೊರಳಿಸಿ. ನೆಲದ ಹಾಸಿಗೆಯಿಂದ ಏಳುವುದು ಕಷ್ಟ, ಮಂಚವಿದ್ದರೆ ಅದನ್ನೇ ಬಳಸಿ.

ಇನ್ನು ನಿಮ್ಮ ಅಂಗಡಿ. ನಿಮ್ಮ ನೋವಿನ ದೊಡ್ಡ ಪಾಲು ಅಲ್ಲಿಂದಲೇ ಬರುತ್ತಿದೆ ಎಂದು ನನ್ನ ಅನುಮಾನ, ಗಿರಾಕಿಯ ಮುಂದೆ ದಿನವಿಡೀ ನಿಂತೇ ಸೀರೆ ಬಿಡಿಸಬೇಕಲ್ಲ. ತಲಪಾಡಿ ದಾಟಿದರೆ ಕೇರಳದಲ್ಲಿ ಅಂಗಡಿ ನೌಕರರಿಗೆ ಕೂರಲು ಆಸನ ಕೊಡಲೇಬೇಕೆಂಬ ಕಾನೂನು 2018ರಿಂದ ಇದೆ. ಗರ್ಭಿಣಿಯರ ವಿಷಯದಲ್ಲಂತೂ ದೇಶಕ್ಕೆಲ್ಲ ಅನ್ವಯಿಸುವ ನಿಯಮ 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಕಾಲದಿಂದಲೂ ಇದೆ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಅಂಗಡಿಯಾದರೆ, ಹೆರಿಗೆಯ ನಿರೀಕ್ಷಿತ ದಿನಕ್ಕೆ ಆರು ವಾರ ಇರುವಾಗಿನಿಂದ ಹಿಂದಕ್ಕೆ ಒಂದು ತಿಂಗಳು, ಗರ್ಭಿಣಿ ಕೇಳಿಕೊಂಡರೆ ಅವಳಿಂದ ಶ್ರಮದ ಕೆಲಸವನ್ನಾಗಲಿ ಬಹಳ ಹೊತ್ತು ನಿಲ್ಲುವ ಕೆಲಸವನ್ನಾಗಲಿ ಮಾಡಿಸುವಂತಿಲ್ಲ. ಆ ಕಾರಣಕ್ಕೆ ಸಂಬಳ ಕಡಿಯುವಂತೆಯೂ ಇಲ್ಲ. ಲೆಕ್ಕ ಹಾಕಿದರೆ ಆ ಅವಧಿ ಹೆಚ್ಚುಕಡಿಮೆ ನಿಮ್ಮ ಏಳನೇ ತಿಂಗಳು ಮುಗಿಯುವ ಹೊತ್ತಿಗೆ ಶುರುವಾಗುತ್ತದೆ. ‘ಕೇಳಿಕೊಂಡರೆ’ ಎಂಬ ಷರತ್ತು ಇರುವುದರಿಂದ ಬಾಯಿಮಾತಿಗೆ ಬಿಡದೆ, ವೈದ್ಯರ ಚೀಟಿಯೊಂದಿಗೆ ಬರೆದುಕೊಡಿ. ಬಿಲ್ಲಿಂಗ್ ಕೌಂಟರಿನ ಕುರ್ಚಿ ಕೇಳಿ. ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಿಗುವ 26 ವಾರಗಳ ವೇತನಸಹಿತ ರಜೆಯಲ್ಲಿ 8 ವಾರಗಳವರೆಗೆ ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು.

ಫಿಸಿಯೋಥೆರಪಿಗೆ ಮಂಗಳೂರು, ಮಣಿಪಾಲದ ಕಡೆ ಕೊರತೆಯಿಲ್ಲ, ಅದನ್ನು ಕಲಿಸುವ ಕಾಲೇಜುಗಳೇ ಹಲವು ಇವೆ. ಸರಕಾರಿ ವ್ಯವಸ್ಥೆಯಲ್ಲಿ ತೋರಿಸುವವರು ಲೇಡಿಗೋಷನ್ ಆಸ್ಪತ್ರೆಯಲ್ಲೋ, ಪ್ರತಿ ತಿಂಗಳ 9ರಂದು ಸರಕಾರಿ ಕೇಂದ್ರಗಳಲ್ಲಿ ನಡೆಯುವ ಗರ್ಭಿಣಿಯರ ಉಚಿತ ತಪಾಸಣೆಯಲ್ಲೋ ಫಿಸಿಯೋಥೆರಪಿಗೆ ಚೀಟಿ ಕೇಳಿ. ಅಲ್ಲಿ ಯಾವ ಕೀಲು ಬಿಗಿದಿದೆ, ಯಾವ ಸ್ನಾಯು ಸೋತಿದೆ ಎಂದು ನೋಡಿ ಹೊಟ್ಟೆಯ ಆಳದ ಸ್ನಾಯು, ಶ್ರೋಣಿಯ ತಳದ (ಗರ್ಭಕೋಶ, ಮೂತ್ರಕೋಶಗಳನ್ನು ಕೆಳಗಿನಿಂದ ಆಧರಿಸುವ) ಸ್ನಾಯು ಮತ್ತು ಪೃಷ್ಠದ ಸ್ನಾಯುಗಳಿಗೆ ವ್ಯಾಯಾಮ ಹೇಳಿಕೊಡುತ್ತಾರೆ. ಮಾಡುವಾಗ ನೋವು ಹೆಚ್ಚಿದರೆ ನಿಲ್ಲಿಸಿ ತಿಳಿಸಿ. ಎದೆಮಟ್ಟದ ನೀರಿನಲ್ಲಿ ನಡೆಯುವುದೂ ಹಿತವೇ, ಈಜುಕೊಳದಲ್ಲಿ ಮಾತ್ರ. ಪಣಂಬೂರಿನ ಕಡಲು ಇದಕ್ಕಲ್ಲ.

ಸೊಂಟದ ಬೆಲ್ಟ್ ಕೆಲವರಿಗೆ ತುಂಬ ಸಹಾಯ ಮಾಡುತ್ತದೆ, ಕೆಲವರಿಗೆ ಏನೂ ಇಲ್ಲ. ಅದನ್ನು ಹೊಟ್ಟೆಗಲ್ಲ, ಅದಕ್ಕಿಂತ ಕೆಳಗೆ ಸೊಂಟದ ಎಲುಬುಗಳ ಸುತ್ತ ಕಟ್ಟಬೇಕು. ನಡೆಯುವಾಗ, ನಿಲ್ಲುವಾಗ ಸಾಕು. ನಮ್ಮ ಸೆಕೆಗೆ ಮೈಗೆ ತಾಗುವಂತೆ ಹಾಕಿದರೆ ಬೆವರುಸಾಲೆ ಖಂಡಿತ, ಒಳಗೆ ತೆಳು ಹತ್ತಿ ಬಟ್ಟೆ ಇರಲಿ.

ಮಾತ್ರೆಯ ವಿಷಯದಲ್ಲಿ ಎಚ್ಚರ. ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು. ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಬೇಡ. ಅದರಲ್ಲೂ 20 ವಾರ ದಾಟಿದ ಮೇಲೆ ಇವು ಮಗುವಿನ ಮೂತ್ರಪಿಂಡಕ್ಕೆ, ಇನ್ನೂ ಮುಂದೆ ಹೃದಯದ ಬಳಿಯ ರಕ್ತನಾಳಕ್ಕೆ ತೊಂದರೆ ಮಾಡಬಲ್ಲವು. ಮೆಡಿಕಲ್ ಶಾಪಿನಲ್ಲಿ ‘ಸೊಂಟ ನೋವಿಗೆ ಕೊಡಿ’ ಎಂದರೆ ಸಿಗುವ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಜೊತೆ ಇವು ಬೆರೆತಿರುವುದು ಮಾಮೂಲು. ನೋವಿನ ಜೆಲ್, ಮುಲಾಮುಗಳನ್ನೂ ಕೇಳಿಯೇ ಹಚ್ಚಿ. ಬೆನ್ನ ಕೆಳಭಾಗಕ್ಕೆ ಹದವಾದ ಬಿಸಿನೀರಿನ ಚೀಲ, ಹಗುರವಾದ ಎಣ್ಣೆ ತಿಕ್ಕುವಿಕೆ ತೊಂದರೆಯಿಲ್ಲ. ‘ನರ ಸರಿಮಾಡುತ್ತೇನೆ’ ಎಂದು ಕಾಲೆಳೆದು ತಿರುಚುವವರ ಬಳಿ ಹೋಗಬೇಡಿ.

ಎಲ್ಲ ನೋವೂ ಇದೇ ಅಲ್ಲ. ರಕ್ತ ಅಥವಾ ನೀರು ಹೋದರೆ, ಹೊಟ್ಟೆ ಬಿಟ್ಟು ಬಿಟ್ಟು ಬಿಗಿಯಾಗಿ ನೋಯತೊಡಗಿದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ, ಜ್ವರ ಅಥವಾ ಉರಿಮೂತ್ರ ಇದ್ದರೆ, ಒಂದೇ ಕಾಲು ಊದಿ ಕೆಂಪಾಗಿ ನೋಯುತ್ತಿದ್ದರೆ, ತೊಡೆಸಂದಿಯ ಭಾಗ ಜೋಮು ಹಿಡಿದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ, ಕಾಲೂರಲು ಹಠಾತ್ತಾಗಿ ಆಗದೆ ಹೋದರೆ ಬೆಳಗಾಗುವ ತನಕ ಕಾಯಬೇಡಿ. 108ಕ್ಕೆ ಕರೆ ಮಾಡಿಯಾದರೂ ಆಸ್ಪತ್ರೆ ಸೇರಿ.

ಹೆರಿಗೆಗೆ ಮೊದಲು ಒಂದು ಕೆಲಸ ಬಾಕಿ ಇದೆ. ಮಲಗಿಕೊಂಡು ಮಂಡಿ ಮಡಚಿ, ನೋವಾಗದಂತೆ ಮಂಡಿಗಳು ಎಷ್ಟು ಅಗಲವಾಗುತ್ತವೆ ಎಂದು ಟೇಪಿನಿಂದ ಅಳೆದು ತಾಯಿ ಕಾರ್ಡಿನಲ್ಲಿ ಬರೆಸಿ. ಹೆರಿಗೆ ಕೋಣೆಯ ಸಿಬ್ಬಂದಿಗೆ, ಜೊತೆಗಿರುವವರಿಗೆ ಆ ಅಳತೆ ಗೊತ್ತಿರಲಿ. ಎಪಿಡ್ಯೂರಲ್ (ಹೆರಿಗೆ ನೋವು ತಿಳಿಯದಂತೆ ಬೆನ್ನಿಗೆ ಕೊಡುವ ಮದ್ದು) ಕೊಟ್ಟರೆ ನೋವೇ ತಿಳಿಯದ ಕಾರಣ ಈ ಮಿತಿ ಮೀರುವ ಸಾಧ್ಯತೆ ಹೆಚ್ಚು. ಅಂಗಾತ ಮಲಗುವುದಕ್ಕಿಂತ ಮಗ್ಗುಲಾಗಿ ಅಥವಾ ಕೈ-ಮಂಡಿ ಊರಿ ಹೆರುವುದು ಇಂಥವರಿಗೆ ಸುಲಭ. ನಿಮ್ಮ ಆಸ್ಪತ್ರೆಯಲ್ಲಿ ಅದಕ್ಕೆ ಒಪ್ಪುತ್ತಾರೆಯೇ ಎಂದು ಈಗಲೇ ವಿಚಾರಿಸಿ. ಕಾಲುಗಳನ್ನು ಹೆರಿಗೆ ಮೇಜಿನ ಆಸರೆಗಳಿಗೆ ಏರಿಸಲೇಬೇಕಾದರೆ ಎರಡನ್ನೂ ಒಟ್ಟಿಗೆ ಏರಿಸಿ, ಒಟ್ಟಿಗೆ ಇಳಿಸಲು ಹೇಳಿ.

ಹೆರಿಗೆಯಾದ ಮೇಲೆ ಬಹುಪಾಲು ಹೆಂಗಸರಿಗೆ ವಾರಗಳಲ್ಲಿ ನೋವು ಇಳಿಯುತ್ತದೆ. ಕೆಲವರಿಗೆ ತಿಂಗಳುಗಟ್ಟಲೆ ಉಳಿಯುವುದುಂಟು, ಆಗ ಫಿಸಿಯೋಥೆರಪಿ ಮುಂದುವರಿಸಬೇಕು. ಬಾಣಂತಿ ಸ್ನಾನಕ್ಕೆ ಗಿಡ್ಡ ಮಣೆಯ ಮೇಲೆ ಕೂರಿಸುವ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ, ಜಾರದಂಥ ಎತ್ತರದ ಸ್ಟೂಲೊಂದನ್ನು ಬಚ್ಚಲಿಗೆ ಈಗಲೇ ತಂದಿಟ್ಟುಕೊಳ್ಳಿ. ಮುಂದಿನ ಬಸಿರಿನಲ್ಲಿ ಈ ನೋವು ಮರುಕಳಿಸುವ ಸಾಧ್ಯತೆ ಇರುವುದರಿಂದ, ಆಗ ಏಳನೇ ತಿಂಗಳ ತನಕ ಕಾಯದೆ ಮೊದಲ ತಪಾಸಣೆಯಲ್ಲೇ ವೈದ್ಯರಿಗೆ ತಿಳಿಸಿ.