ಹೊಸ ವರ್ಷನ್ ಎಲ್ಲರಿಗಿಂತ ಮೊದಲು ಬೇಕಾ?

ಪ್ರಶ್ನೆ: ಕೋಲಾರದ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಜೊತೆಯಲ್ಲಿರುವ ಹುಡುಗನ ವಾಟ್ಸಾಪ್‌ನಲ್ಲಿ ನನಗಿಲ್ಲದ ಬಟನ್‌ಗಳಿವೆ. ಕೇಳಿದರೆ "ಬೀಟಾ ಅಣ್ಣಾ" ಅಂತಾನೆ. ಇದು ಸಿಗುವುದು ಹೇಗೆ? ಟೆಲಿಗ್ರಾಂನಲ್ಲಿ ಒಬ್ಬ 300 ರೂಪಾಯಿ ಹಾಕಿದರೆ ಲಿಂಕ್ ಕಳಿಸುತ್ತೇನೆ ಅಂತಿದ್ದಾನೆ. ಹಾಕಲಾ?

ಉತ್ತರ: ಬೇಡ. ಆ 300 ರೂಪಾಯಿ ಜೇಬಲ್ಲೇ ಇರಲಿ. ಬೀಟಾ ಅಂದರೆ ಪೂರ್ತಿ ತಯಾರಾಗದ, ಇನ್ನೂ ಪರೀಕ್ಷೆಯಲ್ಲಿರುವ ವರ್ಷನ್. ವಾಟ್ಸಾಪ್, ಆಂಡ್ರಾಯ್ಡ್, ಐಫೋನ್, ವಿಂಡೋಸ್, ಯಾವುದರ ಬೀಟಾಗೂ ದುಡ್ಡು ಕೊಡಬೇಕಿಲ್ಲ. ತಪ್ಪು ಹುಡುಕಿ ಹೇಳುವ ಜನ ಕಂಪನಿಗೇ ಬೇಕು, ಅದಕ್ಕೇ ಕೊಡುತ್ತದೆ.

ವಾಟ್ಸಾಪ್‌ನಿಂದಲೇ ಶುರು ಮಾಡೋಣ. ಪ್ಲೇ ಸ್ಟೋರ್‌ನಲ್ಲಿ ಅದರ ಪುಟ ತೆರೆದು ಕೆಳಗೆ ಹೋಗಿ. ಬೀಟಾ ಸೇರುವ ಜಾಗ ಅಲ್ಲಿ ಕಾಣುತ್ತದೆ. ಒತ್ತಿದರೆ ಆಯಿತು. ಆದರೆ ಬಹಳ ಸಲ ಜಾಗ ಭರ್ತಿ ಅಂತ ಬರುತ್ತದೆ. ಆಗಾಗ ನೋಡುತ್ತಿರಬೇಕು, ಬೇರೆ ದಾರಿ ಇಲ್ಲ.

ಸೇರಿದ ಮೇಲೂ ಆ ಹುಡುಗನ ಬಟನ್ ನಿಮಗೆ ಬರುತ್ತದೆ ಅಂತ ಗ್ಯಾರಂಟಿ ಇಲ್ಲ. ಜನ ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಇಲ್ಲೇ. ಹೊಸ ಸೌಲಭ್ಯ ಆ್ಯಪ್ ಜೊತೆಗೇ ಫೋನಿಗೆ ಬಂದು ಕೂತಿರಬಹುದು, ಸ್ವಿಚ್ ಮಾತ್ರ ಕಂಪನಿಯ ಸರ್ವರ್‌ನಲ್ಲಿರುತ್ತದೆ. ಮನೆಗೆ ವೈರಿಂಗ್ ಆಗಿದೆ, ಕರೆಂಟ್ ಕೊಟ್ಟಿಲ್ಲ, ಅಷ್ಟೇ. ಮೊದಲು ಸ್ವಲ್ಪ ಜನಕ್ಕೆ ಆನ್ ಮಾಡುತ್ತಾರೆ. ತೊಂದರೆ ಕಾಣದಿದ್ದರೆ ಇನ್ನಷ್ಟು ಜನಕ್ಕೆ. ಒಂದೇ ವರ್ಷನ್, ಒಂದೇ ಮಾಡೆಲ್ ಫೋನ್ ಇದ್ದರೂ ಪಕ್ಕದವರಿಗೆ ಬಂದಿರುತ್ತದೆ, ನಿಮಗೆ ಬಂದಿರುವುದಿಲ್ಲ. ಅದಕ್ಕೆ ಸುಮ್ನೆ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕುವುದು ದಂಡ. ಬ್ಯಾಕಪ್ ಇಲ್ಲದಿದ್ದರೆ ಹಳೇ ಚಾಟ್ ಕಳೆದುಕೊಳ್ಳುತ್ತೀರಿ, ಬಟನ್ ಮಾತ್ರ ಬರುವುದಿಲ್ಲ.

ದುಡ್ಡು ಕೇಳುವವನ ಲಿಂಕ್ ತೆರೆದರೆ ಸಾಮಾನ್ಯವಾಗಿ ಸಿಗುವುದು ಒಂದು ಎಪಿಕೆ ಫೈಲ್, ಅಂದರೆ ಪ್ಲೇ ಸ್ಟೋರ್ ಬಿಟ್ಟು ಹೊರಗಿನಿಂದ ಆ್ಯಪ್ ಹಾಕುವ ಫೈಲ್. ಅಂಥದ್ದನ್ನು ಹಾಕಿಕೊಂಡು, ಎಸ್ಸೆಮ್ಮೆಸ್ ಓದಲು ಅನುಮತಿ ಕೊಟ್ಟರೆ ನಿಮ್ಮ ಬ್ಯಾಂಕ್ ಒಟಿಪಿ ಅವನ ಕೈಗೆ ಹೋಗಬಹುದು. ಆಗ ಹೋಗುವುದು 300 ಅಲ್ಲ. ಈಗಾಗಲೇ ಹಾಕಿಕೊಂಡು ಖಾತೆಯಿಂದ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ.

ಬೀಟಾ ಅಂದರೆ ಗತ್ತು ಅನ್ನುವ ಭಾವನೆ ಹಳೆಯದು. ಜಿಮೇಲ್ 2004ರ ಏಪ್ರಿಲ್ 1ಕ್ಕೆ ಬಂದಾಗ ಒಳಗಿದ್ದವರು ಕರೆದರೆ ಮಾತ್ರ ಪ್ರವೇಶ. ಆ ಕರೆಯನ್ನು ದುಡ್ಡಿಗೆ ಮಾರಿದವರೂ ಇದ್ದರು, ಕೊಂಡವರೂ ಇದ್ದರು. ಅದರ ಮೇಲಿದ್ದ ಬೀಟಾ ಅನ್ನುವ ಹಣೆಪಟ್ಟಿ ತೆಗೆದದ್ದು 2009ರಲ್ಲಿ.

ಕ್ರೋಮ್ ಬ್ರೌಸರ್‌ನ ತೀರಾ ಹಸಿ ವರ್ಷನ್‌ಗೆ ಇಟ್ಟಿರುವ ಹೆಸರು ಕ್ಯಾನರಿ. ಅದೊಂದು ಪುಟ್ಟ ಹಕ್ಕಿ. ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳಲ್ಲಿ ವಿಷಗಾಳಿ ಇದೆಯಾ ಅಂತ ತಿಳಿಯಲು ಪಂಜರದಲ್ಲಿ ಈ ಹಕ್ಕಿಯನ್ನು ಕೊಂಡೊಯ್ಯುತ್ತಿದ್ದರು. ಗಾಳಿ ಕೆಟ್ಟರೆ ಮನುಷ್ಯನಿಗಿಂತ ಮೊದಲು ಹಕ್ಕಿ ಬೀಳುತ್ತಿತ್ತು. ಕೆಜಿಎಫ್ ಪಕ್ಕದಲ್ಲೇ ಇರುವವರಿಗೆ ಗಣಿಯ ಅಪಾಯ ನಾನು ಹೇಳಬೇಕಾ? ಬೀಟಾ ಸೇರಿದವರು ಆ ಹಕ್ಕಿ. ಹೆಸರಿಟ್ಟವರೇ ಒಪ್ಪಿಕೊಂಡಿದ್ದಾರೆ, ಅಲ್ವಾ?

ನಾನೂ ಒಮ್ಮೆ ಹಕ್ಕಿಯಾಗಿದ್ದೆ. ಇದ್ದ ಒಂದೇ ಫೋನಿಗೆ ಬೀಟಾ ಹಾಕಿದ್ದೆ. ಕೋಲಾರ ಬಸ್ ಸ್ಟ್ಯಾಂಡ್ ಹತ್ತಿರ ಟೀ ಕುಡಿದು ಕ್ಯೂಆರ್ ಸ್ಕ್ಯಾನ್ ಮಾಡಲು ಹೋದರೆ ಬ್ಯಾಂಕ್ ಆ್ಯಪ್ ತೆರೆದುಕೊಳ್ಳುತ್ತಲೇ ಮುಚ್ಚಿಕೊಂಡಿತು. ಮೂರು ಸಲ. ಜೇಬಲ್ಲಿ ಚಿಲ್ಲರೆ ಇಲ್ಲ. ಅಂಗಡಿಯವರು "ಇರ್ಲಿ ಬಿಡಿ, ನಾಳೆ ಕೊಡಿ" ಅಂದರು. ಅವತ್ತು ರಾತ್ರಿಯೇ ಹೊರಗೆ ಬರುವ ದಾರಿ ಹುಡುಕಿದೆ.

ಹೊರಗೆ ಬರುವುದೇ ಕಷ್ಟ. ವಾಟ್ಸಾಪ್‌ನಂಥ ಒಂದು ಆ್ಯಪ್ ಆದರೆ ದೊಡ್ಡ ತಲೆನೋವಲ್ಲ. ಇಡೀ ಆಂಡ್ರಾಯ್ಡ್‌ನ ಬೀಟಾ ಬೇರೆ ಮಾತು. ಗೂಗಲ್‌ನ ಆಂಡ್ರಾಯ್ಡ್ ಬೀಟಾ ಮುಖ್ಯವಾಗಿ ಪಿಕ್ಸೆಲ್ ಫೋನ್‌ಗಳಿಗೆ. ಸ್ಯಾಮ್‌ಸಂಗ್ ತನ್ನ ಕೆಲವು ಮಾಡೆಲ್‌ಗಳಿಗೆ ಮೆಂಬರ್ಸ್ ಆ್ಯಪ್ ಮೂಲಕ ಕೊಡುತ್ತದೆ. ಪಿಕ್ಸೆಲ್‌ನಲ್ಲಿ ನಡುವೆಯೇ ಬಿಟ್ಟು ಹಳೇ ವರ್ಷನ್‌ಗೆ ಮರಳಿದರೆ ಫೋನಿನಲ್ಲಿರುವುದೆಲ್ಲ ಅಳಿಸಿ ಹೋಗುತ್ತದೆ. ಅಂತಿಮ ವರ್ಷನ್ ಬರುವವರೆಗೆ ಕಾದು, ಅದು ಬಂದಾಗ ಮುಂದಿನ ಬೀಟಾ ಹಾಕಿಕೊಳ್ಳದೆ ಹೊರಬಂದರೆ ಏನೂ ಅಳಿಸುವುದಿಲ್ಲ. ಐಫೋನ್‌ನಲ್ಲಿ ಬೀಟಾ ಆನ್ ಮಾಡುವ ಜಾಗ ಸೆಟ್ಟಿಂಗ್ಸ್‌ನ ಸಾಫ್ಟ್‌ವೇರ್ ಅಪ್‌ಡೇಟ್ ಒಳಗೇ ಇದೆ. ಬ್ಯಾಕಪ್ ಮಾತ್ರ ಬೀಟಾ ಹಾಕುವ ಮುಂಚೆಯೇ ತೆಗೆದಿಡಬೇಕು, ಬೀಟಾದಲ್ಲಿ ತೆಗೆದ ಬ್ಯಾಕಪ್ ಹಳೇ ವರ್ಷನ್‌ಗೆ ಹೊಂದದೆ ಹೋಗಬಹುದು. ವಿಂಡೋಸ್‌ನ ಬೀಟಾ ಸೇರಲು 2014ರಿಂದ ಇನ್‌ಸೈಡರ್ ಅನ್ನುವ ವ್ಯವಸ್ಥೆ ಇದೆ. ಮಂಡಿಯ ಬಿಲ್ಲಿಂಗ್ ಕಂಪ್ಯೂಟರ್‌ಗೆ ಮಾತ್ರ ದಯವಿಟ್ಟು ಹಾಕಬೇಡಿ.

ಹೊಸ ತಳಿ ಬಂದರೆ ನಿಮ್ಮ ಮಂಡಿಗೆ ಟೊಮೆಟೊ ತರುವ ರೈತರು ಇಡೀ ಹೊಲಕ್ಕೆ ನಾಟಿ ಮಾಡುತ್ತಾರಾ? ಒಂದೆರಡು ಸಾಲು ಹಾಕಿ ನೋಡುತ್ತಾರೆ. ನಿಮ್ಮ ಆ ಎರಡು ಸಾಲು ಅಂದರೆ ಮನೆಯಲ್ಲಿ ಬಿದ್ದಿರುವ ಹಳೇ ಫೋನ್. ಬೇರೆ ಸಿಮ್ ಹಾಕಿ, ಬ್ಯಾಂಕ್ ಆ್ಯಪ್ ಒಂದೂ ಇಲ್ಲದೆ ಇಟ್ಟುಕೊಳ್ಳಿ.

ಸೇರಿದರೆ ಒಂದು ಕೆಲಸ ಮಾಡಿ. ಒತ್ತಕ್ಷರ ಒಡೆದು ಕಾಣುವುದು, ಕನ್ನಡ ಪದ ಬಟನ್‌ನಿಂದಾಚೆ ಚಾಚಿಕೊಳ್ಳುವುದು, ಇಂಥವು ಇಂಗ್ಲಿಷ್‌ನಲ್ಲಿ ಬಳಸುವವರ ಕಣ್ಣಿಗೆ ಬೀಳುವುದೇ ಇಲ್ಲ. ಸ್ಕ್ರೀನ್‌ಶಾಟ್ ತೆಗೆದು, ಯಾವ ಫೋನ್, ಏನು ಒತ್ತಿದಾಗ ಹೀಗಾಯಿತು ಅಂತ ಆ್ಯಪ್‌ನ ಫೀಡ್‌ಬ್ಯಾಕ್‌ನಲ್ಲಿ ಬರೆಯಿರಿ. ನನ್ನ ಪ್ರಕಾರ ಬೀಟಾ ಸೇರಲು ಇದಕ್ಕಿಂತ ಒಳ್ಳೇ ಕಾರಣ ಇಲ್ಲ.

ಹಳೇ ಫೋನ್ ಇದ್ದರೆ ಇವತ್ತೇ ಶುರು ಮಾಡಿ. ಇಲ್ಲದಿದ್ದರೆ ಮಂಡಿಯಲ್ಲಿ ಕೆಲಸ ಜಾಸ್ತಿ ಇರುವ ಜೂನ್, ಜುಲೈ ಕಳೆಯಲಿ. ಬಾಕ್ಸ್ ಲೆಕ್ಕ ಬರೆದು ರೈತರಿಗೆ ದುಡ್ಡು ಕಳಿಸುವ ಹೊತ್ತಿಗೆ ಫೋನ್ ಕೈಕೊಟ್ಟರೆ ಎದುರಿಗೆ ನಿಂತಿರುವವರು "ನಾಳೆ ಕೊಡಿ" ಅನ್ನುವುದಿಲ್ಲ.