ದಾರಿ ತಪ್ಪಿದ ಬೆಳಕಿನ ಜಾಡು ಹಿಡಿದು

ಚಳಿಗಾಲದಲ್ಲಿ ಸಮುದ್ರ ಉಬ್ಬರಿಸಿದ ದಿನಗಳಲ್ಲಿ ಅಮೆರಿಕದ ಲೈಗೋ ವೀಕ್ಷಣಾಲಯಗಳ ಪರದೆಯ ಮೇಲೆ ಕಮಾನುಗಳು ಮೂಡುತ್ತವೆ. ಅಡ್ಡಕ್ಕೆ ಸಮಯ, ಉದ್ದಕ್ಕೆ ಕಂಪನಾಂಕ ಇಟ್ಟು ಬರೆದ ಚಿತ್ರದಲ್ಲಿ ಒಂದರ ಪಕ್ಕ ಒಂದು, ಕೆಲವೊಮ್ಮೆ ಒಂದರ ಮೇಲೊಂದು. ಹಳೇ ರೈಲು ಸೇತುವೆಯ ಕಮಾನುಗಳು ಸಾಲಾಗಿ ನಿಂತ ಹಾಗೆ. ಗುರುತ್ವ ಅಲೆ, ಅಂದರೆ ಕಪ್ಪುಕುಳಿಗಳಂಥವು ಡಿಕ್ಕಿಯಾದಾಗ ದೇಶಕಾಲದಲ್ಲೇ ಏಳುವ ಅಲುಗಾಟ, ಹುಡುಕುವವರಿಗೆ ಇದು ಕಂಡರಾಗದ ಪರಿಚಿತ ಮುಖ. ಬೆಳಕು ಎಲ್ಲೋ ದಾರಿ ತಪ್ಪಿ, ಅಲೆದಾಡಿ, ಮನೆಗೆ ವಾಪಸು ಬಂದಿದೆ ಎಂದರ್ಥ.

ದಾರಿ ತಪ್ಪುವುದೇನೂ ದೊಡ್ಡದಲ್ಲ. ಲೈಗೋದ ತೋಳೆಂದರೆ ಎರಡೂ ತುದಿಗೆ ಕನ್ನಡಿಯಿರುವ, ಗಾಳಿ ತೆಗೆದ 4 ಕಿಲೋಮೀಟರ್ ಉದ್ದದ ಕೊಳವೆ; ಅದರೊಳಗೆ ಎರಡು ಲಕ್ಷ ವಾಟ್‌ಗೂ ಮೀರಿದ ಲೇಸರ್ ಬೆಳಕು ಓಡಾಡುತ್ತಿರುತ್ತದೆ. ಕನ್ನಡಿ ಎಷ್ಟೇ ನುಣುಪಾಗಿದ್ದರೂ ಒಂದಿಷ್ಟನ್ನು ಅತ್ತಿತ್ತ ಚೆಲ್ಲುತ್ತದೆ. ಹತ್ತು ಲಕ್ಷಕ್ಕೆ ಹತ್ತೇ ಪಾಲು ಚೆಲ್ಲಿತು ಅಂತಿಟ್ಟುಕೊಂಡರೂ ಲೆಕ್ಕ 2 ವಾಟ್‌ಗೆ ಬಂತು. ಪ್ರೋಟಾನಿನ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ ಅಲುಗಾಟವನ್ನು ಅಳೆಯುವ ಯಂತ್ರಕ್ಕೆ 2 ವಾಟ್ ಅಂದರೆ ಮಹಾಪೂರ.

ಚೆಲ್ಲಿದ ಬೆಳಕು ಹಾಗೇ ಕಳೆದುಹೋದರೆ ನಷ್ಟವಿಲ್ಲ. ತಕರಾರು ಅದು ತಿರುಗಿ ಬಂದಾಗ. ಕೊಳವೆಯ ಗೋಡೆಗೋ, ಯಾವುದೋ ಲೋಹದ ಚೌಕಟ್ಟಿಗೋ ಬಡಿದು, ಅದರ ಅಲುಗಾಟದ ಸುದ್ದಿಯನ್ನು ಹೊತ್ತು ಮುಖ್ಯ ಕಿರಣದೊಳಗೆ ನುಸುಳುತ್ತದೆ. ಬಡಿದ ವಸ್ತುವನ್ನು ಜೋಕಾಲಿ ಎಂದುಕೊಳ್ಳಿ. ಜೋಕಾಲಿ ಅರ್ಧ ತರಂಗಾಂತರ, ಅಂದರೆ ಅರ್ಧ ಮೈಕ್ರೋಮೀಟರಿಗೆ ಸ್ವಲ್ಪ ಹೆಚ್ಚು ಸರಿದರೆ ಬೆಳಕು ಒಂದು ಸಲ ಮಿಣುಕುತ್ತದೆ. ಸೆಕೆಂಡಿಗೆ 10 ಮೈಕ್ರೋಮೀಟರ್ ವೇಗದಲ್ಲಿ ತೂಗಿದರೆ ಸುಮಾರು 19 ಮಿಣುಕು. ತುದಿಯಲ್ಲಿ ಜೋಕಾಲಿ ಕ್ಷಣ ನಿಲ್ಲುತ್ತದೆ, ಮಿಣುಕು ಸೊನ್ನೆ. ನಡುವೆ ವೇಗ ಹೆಚ್ಚು, ಮಿಣುಕೂ ಹೆಚ್ಚು. ಕಮಾನು ಮೂಡುವುದು ಹೀಗೆ. ಐದಾರು ಸೆಕೆಂಡಿಗೊಮ್ಮೆ ನೆಲವನ್ನು ಎತ್ತಿ ಇಳಿಸುವ ಸಮುದ್ರದ ಅಲೆ, ಯಂತ್ರದ ಕಿವಿ ಚುರುಕಾಗಿರುವ ಜಾಗಕ್ಕೇ ಬಂದು ಗಲಾಟೆ ಮಾಡುವ ಗುಟ್ಟೂ ಇದೇ.

ಕಾಟ ಲೈಗೋಗಿಂತ ಹಳೆಯದು. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ತಂಡ ಮ್ಯೂನಿಕ್‌ನಲ್ಲಿ, ಆಮೇಲೆ ಗಾರ್ಶಿಂಗ್‌ನಲ್ಲಿ ಮಾದರಿ ಯಂತ್ರಗಳನ್ನು ಕಟ್ಟಿದಾಗ ಎರಡು ಕನ್ನಡಿಗಳ ನಡುವೆ ಬೆಳಕನ್ನು ಹತ್ತಾರು ಬಾರಿ ಪುಟಿಸುತ್ತಿತ್ತು. ಒಂದು ಚುಕ್ಕೆಯಿಂದ ಚೆಲ್ಲಿದ ಬೆಳಕು ಸರದಿ ತಪ್ಪಿಸಿ ಇನ್ನೊಂದು ಚುಕ್ಕೆಯ ಕಿರಣದೊಳಗೆ ಸೇರಿಬಿಡುತ್ತಿತ್ತು. 1981ರಲ್ಲಿ ಆ ತಂಡ ಲೇಸರಿನ ಹಂತವನ್ನೇ, ಅಂದರೆ ಅದರ ಅಲೆಯ ಏರಿಳಿತದ ತಾಳವನ್ನೇ, ಬೇಕೆಂದು ಕಲಕಿ ಈ ಕಳ್ಳ ಬೆಳಕನ್ನು ಮಸುಕಾಗಿಸುವ ಉಪಾಯ ಪ್ರಕಟಿಸಿತು. ಗ್ಲಾಸ್ಗೋದ ರೊನಾಲ್ಡ್ ಡ್ರೆವರ್ ಬೆಳಕೆಲ್ಲ ಒಂದೇ ಗೆರೆಯಲ್ಲಿ ಹೋಗಿ ಬರುವ ಫ್ಯಾಬ್ರಿ-ಪೆರೋ ವಿನ್ಯಾಸದ ಕಡೆ ವಾಲಿದರು. ಲೈಗೋ ಕೊನೆಗೆ ಹಿಡಿದದ್ದೂ ಅದೇ ದಾರಿ.

ದಾರಿ ಒಂದೇ ಆದರೂ ಕೊಳವೆಯ ಗೋಡೆ ಉಳಿಯಿತಲ್ಲ. ಭೌತವಿಜ್ಞಾನಿಗಳಾದ ಕಿಪ್ ಥಾರ್ನ್ ಮತ್ತು ಏನಾ ಫ್ಲಾನಗನ್ ಕೂತು ಲೆಕ್ಕ ಹಾಕಿದ ಮೇಲೆ ಒಳಗೆ ಉದ್ದಕ್ಕೂ ಬ್ಯಾಫಲ್ ಎಂಬ ಉಕ್ಕಿನ ಅಡ್ಡ ಬಳೆಗಳು ಬಂದವು. ಬಳೆಯ ಅಂಚು ನುಣುಪಾಗಿದ್ದರೆ ಸುತ್ತಲಿಂದ ಬಾಗಿ ಬಂದ ಬೆಳಕೆಲ್ಲ ನಡುವಿನಲ್ಲಿ ಒಂದೇ ತಾಳಕ್ಕೆ ಕೂಡಿಕೊಳ್ಳುತ್ತದೆ. ಹಾಗಾಗಿ ಅಂಚಿಗೆ ಗರಗಸದ ಹಲ್ಲು ಕೊಟ್ಟರು, ಅದೂ ಒಂದು ಹಲ್ಲಿನ ಹಾಗೆ ಇನ್ನೊಂದಿಲ್ಲದಂತೆ. ಇಡೀ ಯಂತ್ರದಲ್ಲಿ ಬೇಕೆಂದೇ ಅಂಕುಡೊಂಕು ಮಾಡಿದ ಭಾಗ ಇದು. ನನಗೆ ಅತಿ ಇಷ್ಟವಾದದ್ದೂ ಇದೇ.

ಲೆಕ್ಕಕ್ಕೆ ಸಿಕ್ಕಿದ್ದು ಗೋಡೆ. ಸಿಗದೆ ಹೋದದ್ದು ಕಾಗೆ. 2017ರ ಬೇಸಿಗೆಯಲ್ಲಿ ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫರ್ಡ್‌ನಲ್ಲಿ ಆಗಾಗ ಸಣ್ಣ ಸಣ್ಣ ಗದ್ದಲಗಳು ಕಾಣಿಸಿದವು. ಅದೇ ಹೊತ್ತಿಗೆ ಮೈಕಿನಲ್ಲೂ ಟಕ್ ಟಕ್ ಸದ್ದು. ಹೊರಗೆ ಹೋಗಿ ನೋಡಿದರೆ ದ್ರವ ಸಾರಜನಕದ ಆವಿ ಹೊರಬಿಡುವ ಕೊಳವೆಗೆ ಕಟ್ಟಿದ ಹಿಮದ ಮೇಲೆ ಕೊಕ್ಕಿನ ಗುರುತು. ಅದು ಮರುಭೂಮಿಯ ನೆಲ, ಸುಡುಬಿಸಿಲು. ಬಾಯಾರಿದ ದೊಡ್ಡ ಕಾಗೆಗಳು ಹಿಮ ಕುಕ್ಕಿ ತಿನ್ನುತ್ತಿದ್ದವು. ಹೂಜಿಗೆ ಕಲ್ಲು ಹಾಕಿದ ನಮ್ಮ ಪಠ್ಯದ ಕಾಗೆಗಿಂತ ಇವು ಸುಲಭದ ದಾರಿ ಕಂಡುಕೊಂಡಿದ್ದವು. ಕುಕ್ಕಿದ ಕಂಪನ ಕೊಳವೆಯ ಮೂಲಕ ನಿರ್ವಾತದ ಗೂಡಿಗೆ ಹೋಗಿ, ಅಲ್ಲಿ ಯಾವುದೋ ಮೈಗೆ ತಾಗಿದ ಅಲೆಮಾರಿ ಬೆಳಕಿನ ಬೆನ್ನೇರಿ ದತ್ತಾಂಶ ಸೇರಿತ್ತು. ಹಿಮ ಕಟ್ಟದಂತೆ ಕೊಳವೆಗೆ ಹೊದಿಕೆ ಹಾಕಿದರು.

ಹೀಗೆ ಜಾಡು ಹಿಡಿಯುವ ಕೆಲಸ ಗ್ಯಾರೇಜಿನ ಮೇಸ್ತ್ರಿಯದಕ್ಕೆ ಹತ್ತಿರ. ಒಂದೊಂದು ಗೂಡನ್ನೂ ಕೈಯಿಂದ ತಟ್ಟುವುದು, ಶೇಕರ್ ಯಂತ್ರ ಕಟ್ಟಿ ಅಲುಗಿಸುವುದು, ಗದ್ದಲ ಏರಿತೇ ಎಂದು ಕಾಯುವುದು. ಗೂಡು ತೆರೆದ ದಿನ ಇನ್ನೊಂದು ಉಪಾಯವಿದೆ: ಕನ್ನಡಿಯ ಮೇಲೆ ಲೇಸರ್ ಬೀಳುವ ಜಾಗದಲ್ಲಿ ಕ್ಯಾಮೆರಾ ಇಟ್ಟು, ಪಕ್ಕದಲ್ಲೇ ಟಾರ್ಚ್ ಹಚ್ಚಿ ಫೋಟೋ ತೆಗೆಯುವುದು. ಫೋಟೋದಲ್ಲಿ ಮಿಂಚಿದ್ದೆಲ್ಲ ಆರೋಪಿ, ಅದು ಒಂದು ಬೋಲ್ಟಿನ ತಲೆಯೇ ಆಗಿರಲಿ. ಅದರ ಮುಂದೆ ಬ್ಯಾಫಲ್ಲೋ ಕಪ್ಪು ಗಾಜೋ ಬರುತ್ತದೆ.

ಆದರೆ ಕಮಾನುಗಳ ದೊಡ್ಡ ಆರೋಪಿ ಕನ್ನಡಿಯ ಬೆನ್ನಿಗೇ ಇತ್ತು. 40 ಕಿಲೋ ತೂಕದ ಕನ್ನಡಿಯ ಹಿಂದೆ ಇನ್ನೊಂದು ಗಾಜಿನ ತೂಕವನ್ನು ತೂಗುಬಿಟ್ಟಿರುತ್ತಾರೆ. ವಿದ್ಯುತ್ ಬಲದಿಂದ ಕನ್ನಡಿಯನ್ನು ಹಿಡಿದಿಡಲು ಅದರ ಮೇಲೆ ಚಿನ್ನದ ಪಟ್ಟಿಗಳಿವೆ. ಕನ್ನಡಿ ದಾಟಿದ ಚೂರು ಬೆಳಕು ಆ ಚಿನ್ನಕ್ಕೂ ಕನ್ನಡಿಗೂ ನಡುವೆ ಪುಟಿಯುತ್ತಿತ್ತು, ಒಂದರ ಮೇಲೊಂದು ಕಮಾನು ಏಳುತ್ತಿದ್ದದ್ದು ಅದಕ್ಕೇ. 2020ರ ಜನವರಿಯಲ್ಲಿ ಹಿಂದಿನ ತೂಕವೂ ಕನ್ನಡಿಯ ಜೊತೆಜೊತೆಗೇ ತೂಗುವಂತೆ ನಿಯಂತ್ರಣ ಬದಲಿಸಿದರು. ಒಂದು ಗಾಜನ್ನೂ ಮುಟ್ಟದೆ ಕಮಾನುಗಳು ಬಹುಪಾಲು ಅಡಗಿದವು. ಉಳಿದದ್ದು ಲೂಸಿಯಾನಾದ ಲಿವಿಂಗ್‌ಸ್ಟನ್‌ನಲ್ಲಿ ರೈಲು ಹೋದಾಗ ಏಳುವ ಚುರುಕು ಗದ್ದಲ. ಅದರ ಬೇರು ಒಂದು ಬ್ಯಾಫಲ್‌ನಲ್ಲೇ ಸಿಕ್ಕಿತು: ಬೆಳಕು ತಡೆಯಲು ಹಾಕಿದ ತಟ್ಟೆಯೇ ತಾನು ನಡುಗುತ್ತ ಬೆಳಕು ಚೆಲ್ಲುತ್ತಿತ್ತು.

ಈ ಗದ್ದಲ ಬೀಳುವುದು ಹೆಚ್ಚಾಗಿ ಕೆಳ ಕಂಪನಾಂಕಗಳಲ್ಲಿ, ಭಾರಿ ಕಪ್ಪುಕುಳಿಗಳು ಕೂಡಿಕೊಂಡಾಗ ದನಿ ಕೇಳಿಸುವ ಜಾಗದಲ್ಲೇ. ಕಪ್ಪುಕುಳಿ ಗಂಟೆಯಂತೆ ಮೊಳಗಿ ಅಡಗುತ್ತದೆಂದು 1970ರಲ್ಲಿ ತೋರಿಸಿಕೊಟ್ಟವರು ಬೆಂಗಳೂರಿನ ಸಿ.ವಿ. ವಿಶ್ವೇಶ್ವರ. ಅವರ ಪ್ರಬಂಧದ ವಿಷಯವೂ ಚದುರುವಿಕೆಯೇ, ಕಪ್ಪುಕುಳಿಗೆ ಬಡಿದು ಚದುರುವ ಗುರುತ್ವ ಅಲೆಯದು.

ಬೀದರ್ ದಾಟಿ ನಾಂದೇಡ್ ಮೇಲೆ ಹೋದರೆ ಸಿಗುವ ಹಿಂಗೋಲಿ ಜಿಲ್ಲೆಯಲ್ಲಿ ಲೈಗೋ-ಇಂಡಿಯಾಕ್ಕೆ 2023ರ ಏಪ್ರಿಲ್‌ನಲ್ಲಿ 2,600 ಕೋಟಿ ರೂಪಾಯಿಯ ಒಪ್ಪಿಗೆ ಸಿಕ್ಕಿದೆ. ಅಲ್ಲಿಯ ತೋಳುಗಳೂ 4 ಕಿಲೋಮೀಟರ್. ಒಮ್ಮೆ ಮುಚ್ಚಿ ಗಾಳಿ ಹೊರತೆಗೆದ ಉದ್ದನೆಯ ಕೊಳವೆಯನ್ನು ಮತ್ತೆ ತೆರೆಯುವ ಮಾತು ಸುಲಭಕ್ಕೆ ಬರುವುದಿಲ್ಲ. ಹಲ್ಲಿನ ಬಳೆಗಳು ಅದಕ್ಕೂ ಮೊದಲೇ ಒಳಗೆ ಕೂತಿರಬೇಕು.