ಫೋಟೋ ಒಂದು ಬೇಡ ಮಾಸ್ಟ್ರೇ

"ಮೇಡಂ, ಕೊನೆಗೆ ಒಬ್ಬರಾದರೂ ಸ್ಟೇಜಿಗೆ ಬರಬೇಕು. ಇಲ್ಲದಿದ್ದರೆ ಜನ ಹಣ ಕೊಡುವುದಿಲ್ಲ."

ಕಾಸರಗೋಡಿನ ನನ್ನ ವಕೀಲಿ ಆಫೀಸಿಗೆ ಬಂದು ಈ ಮಾತು ಹೇಳಿದವರ ಲೆಕ್ಕ ಇಟ್ಟಿಲ್ಲ. ಕ್ಲಬ್ಬಿನವರು, ಯುವಕ ಸಂಘದವರು, ಹಳೆ ವಿದ್ಯಾರ್ಥಿಗಳು. ಈ ಸಲ ಬಂದವರು ಬದಿಯಡ್ಕ ಕಡೆಯ ಒಬ್ಬ ನಿವೃತ್ತ ಮಾಸ್ಟ್ರು. ಗಂಡನ ಹೊಡೆತ ತಾಳದೆ ಮನೆ ಬಿಟ್ಟ ಹೆಂಗಸರಿಗಾಗಿ ಒಂದು ಕಾಲ್ನಡಿಗೆ, ಅದರಿಂದ ಒಂದಷ್ಟು ಹಣ. ಆಮೇಲೆ ವಾರಕ್ಕೆ ಮೂರು ಬೆಳಗ್ಗೆ ಶಾಲೆಯ ಮೈದಾನದಲ್ಲಿ ಉಚಿತ ವ್ಯಾಯಾಮ. ಬ್ಯಾನರ್ ಕೂಡ ತಯಾರಿತ್ತು. ಕಣ್ಣೀರು ಸುರಿಸುವ ಹೆಂಗಸಿನ ಚಿತ್ರ, ಕೆಳಗೆ ಏಳು ಜನ ಪದಾಧಿಕಾರಿಗಳ ನಗುಮುಖ. ಮಾಸ್ಟ್ರ ಮನಸ್ಸು ಅಪ್ಪಟ ಚಿನ್ನ. ಕೆಟ್ಟದಿದ್ದರೆ ಎರಡು ಮಾತು ಬೈದು ಕಳಿಸಬಹುದಿತ್ತು.

ನಮ್ಮ ಊರಿನವರಿಗೆ ಯಕ್ಷಗಾನದ ಅಭ್ಯಾಸ. ರಾತ್ರಿಯಿಡೀ ಕಾದರೆ ಬಣ್ಣದ ವೇಷ ಬರಲೇಬೇಕು. ಆದರೆ ಸ್ಟೇಜಿಗೆ ಕರೆಯುವ ಈ ಹೆಂಗಸು ವೇಷವಲ್ಲ. ನಾಳೆ ಬೆಳಗ್ಗೆ ಆಕೆ ಅದೇ ಬಸ್ ಸ್ಟಾಪಿನಲ್ಲಿ ನಿಲ್ಲಬೇಕು.

ಎಷ್ಟು ಹೇಳಿದರೂ ಜನರ ತಲೆಗೆ ಹೋಗದ ವಿಷಯ ಒಂದಿದೆ. ಮನೆ ಬಿಟ್ಟು ಬಂದ ಕೂಡಲೇ ಅಪಾಯ ಮುಗಿಯುವುದಿಲ್ಲ. ಎಷ್ಟೋ ಸಲ ಜಾಸ್ತಿಯಾಗುವುದೇ ಆಗ. ಕೈ ತಪ್ಪಿ ಹೋದಳು ಎಂಬ ಸಿಟ್ಟಿನಲ್ಲಿರುವವನಿಗೆ ಬೇಕಾಗಿರುವುದು ಎರಡೇ ವಿಷಯ: ಆಕೆ ಎಲ್ಲಿರುತ್ತಾಳೆ, ಯಾವ ಹೊತ್ತಿಗೆ ಇರುತ್ತಾಳೆ. ಈಗ ವ್ಯಾಯಾಮದ ತರಗತಿ ಎಂದರೆ ಏನು ನೋಡಿ. ಗೊತ್ತಾದ ಜಾಗ, ಗೊತ್ತಾದ ಹೊತ್ತು, ವಾರಕ್ಕೆ ಮೂರು ಸಲ. ಅದರ ಫೋಟೋ ಸ್ಟೇಟಸ್ಸಿಗೆ ಹಾಕಿದರೆ ಅವನಿಗೆ ಟೈಮ್ ಟೇಬಲ್ ಬರೆದುಕೊಟ್ಟ ಹಾಗೆ.

ಹಾಗೆ ಆಗಿದ್ದೂ ಇದೆ. ಗುರುತು ಸಿಗದ ಹಾಗೆ ವಿವರ ಬದಲಿಸಿ ಹೇಳುತ್ತೇನೆ. ತಲಪಾಡಿ ಗಡಿಯಾಚೆ ಕರ್ನಾಟಕಕ್ಕೆ ಮದುವೆಯಾಗಿ ಹೋದವಳು, ಎರಡು ಮಕ್ಕಳ ಜೊತೆ ಈಚೆ ಚಿಕ್ಕಮ್ಮನ ಮನೆಗೆ ಬಂದಿದ್ದಳು. ಬೆಳಗಿನ ಒಂದು ವ್ಯಾಯಾಮದ ಗುಂಪಿಗೆ ಸೇರಿದಳು. ಯಾರೋ ಫೋಟೋ ತೆಗೆದರು. ಮುಖ ಕಾಣುತ್ತಿರಲಿಲ್ಲ, ಮೂರನೇ ಸಾಲಿನಲ್ಲಿ ಬೆನ್ನು ಮಾತ್ರ. ಹಿಂದಿನ ಗೋಡೆಯಲ್ಲಿ ಶಾಲೆಯ ಹೆಸರು. ಸೋಮವಾರ ಗಂಡ ಗೇಟಿನ ಹತ್ತಿರ ಬೈಕ್ ಮೇಲೆ ಕೂತಿದ್ದ. ಏನೂ ಮಾಡಲಿಲ್ಲ, ಸುಮ್ನೆ ನೋಡಿದ. ಅವಳು ಮತ್ತೆ ಆ ಮೈದಾನಕ್ಕೆ ಹೋಗಲಿಲ್ಲ. "ಆ ಮುಕ್ಕಾಲು ಗಂಟೆ ಒಂದೇ ಮೇಡಂ ನನ್ನದು ಅಂತ ಇದ್ದದ್ದು" ಎಂದಳು.

ಇದನ್ನು ಹೇಳಿದರೆ ಮಾಸ್ಟ್ರು ಕೇಳುತ್ತಾರೆ, "ಹಿಂದಿನಿಂದ ತೆಗೆದರೆ?" ಮಾರಾಯ್ರೇ, ಈಗ ಹೇಳಿದ್ದು ಹಿಂದಿನಿಂದ ತೆಗೆದದ್ದೇ ಅಲ್ವಾ! ಹತ್ತು ವರ್ಷ ಜೊತೆಗಿದ್ದವನಿಗೆ ಹೆಂಡತಿಯ ಜಡೆ ಗೊತ್ತು, ಚೂಡಿದಾರ ಗೊತ್ತು, ನಿಲ್ಲುವ ಭಂಗಿ ಗೊತ್ತು. ಮುಖ ಮಸುಕು ಮಾಡಿದರೂ ಅಷ್ಟೇ. ಹೆಸರು ಬದಲಿಸಿ "ಮಂಜೇಶ್ವರದ ಇಬ್ಬರು ಮಕ್ಕಳ ತಾಯಿ" ಎಂದು ಮೈಕಿನಲ್ಲಿ ಹೇಳಿದರೂ ಅಷ್ಟೇ. ಇಲ್ಲಿ ಎಲ್ಲರಿಗೂ ಎಲ್ಲರೂ ಸಂಬಂಧ. ಅವಳೇ ಒಪ್ಪಿದ್ದಾಳೆ ಎನ್ನಬೇಡಿ. ಸಹಾಯ ಕೊಡುವವರು ಕೇಳಿದಾಗ ಸಹಾಯ ಪಡೆಯುವವಳು ಬೇಡ ಎನ್ನುವುದು ಹೇಗೆ?

ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ ಕಾಯ್ದೆ 2005ರದ್ದು. ಅದರ 16ನೇ ಸೆಕ್ಷನ್ ಪ್ರಕಾರ ಇಬ್ಬರಲ್ಲಿ ಒಬ್ಬರು ಬಯಸಿದರೆ, ಮ್ಯಾಜಿಸ್ಟ್ರೇಟರಿಗೂ ಸರಿ ಕಂಡರೆ, ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯಬಹುದು. ಕೋರ್ಟು ಬಾಗಿಲು ಹಾಕಿ ಕೇಳುವ ಮಾತನ್ನು ನೀವು ಮೈಕ್ ಕೊಟ್ಟು ಕೇಳುತ್ತೀರಿ!

ಇನ್ನು ಹಣ. ನಮ್ಮವರಿಗೆ ಕಷ್ಟದಲ್ಲಿರುವ ಹೆಂಗಸು ಎಂದರೆ ಹೊಲಿಗೆ ಯಂತ್ರ. ಬರುತ್ತದೋ ಇಲ್ಲವೋ, ಬೇಕೋ ಬೇಡವೋ, ಒಂದು ಹೊಲಿಗೆ ಯಂತ್ರ, ಜೊತೆಗೆ ಶಾಲು. ನನ್ನ ಕಕ್ಷಿದಾರರೊಬ್ಬರು ಲ್ಯಾಬ್ ಟೆಕ್ನೀಶಿಯನ್. ಅವರಿಗೂ ಕೊಟ್ಟರು.

ವಕೀಲರ ಫೀಸಿಗೂ ಹಣ ಕೂಡಿಸಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿನ ಹಕ್ಕಿದೆ. ಗಡಿಯಾಚೆಯ ಕೋರ್ಟಿಗೆ ಓಡಾಡುವ ಖರ್ಚೂ ಹೆಚ್ಚಿನ ಸಲ ಉಳಿಯುತ್ತದೆ. 2005ರ ಕಾಯ್ದೆಯಡಿ ತಾತ್ಕಾಲಿಕವಾಗಿ ಎಲ್ಲಿ ವಾಸವಿದ್ದಾಳೋ ಅಲ್ಲೇ ಅರ್ಜಿ ಕೊಡಬಹುದು, ಬಂದ ಆದೇಶ ಇಡೀ ದೇಶಕ್ಕೆ ಅನ್ವಯ. ಪ್ರತಿ ಪ್ರಕರಣದ ದಾರಿ ಬೇರೆ. ಹಾಗಾಗಿ ನನ್ನ ಈ ಮಾತನ್ನೇ ಹಿಡಿದುಕೊಂಡು ಹೊರಡಬೇಡಿ, ಮೊದಲು ಆ ಕಾಯ್ದೆಯಡಿ ಸರ್ಕಾರ ನೇಮಿಸಿದ ರಕ್ಷಣಾಧಿಕಾರಿಯನ್ನು ಕಾಣಿ. ಕೇರಳ ಸರ್ಕಾರದ ಮಹಿಳಾ ಯೋಜನೆಯಾದ ಕುಟುಂಬಶ್ರೀಯ ಸಹಾಯ ಕೇಂದ್ರ ಸ್ನೇಹಿತಾ ಇದೆ, ಮಹಿಳಾ ಸಹಾಯವಾಣಿ 181 ಇದೆ, ಈಗಲೇ ಹೊಡೆತ ನಡೆಯುತ್ತಿದ್ದರೆ ತುರ್ತು ಕರೆಗೆ 112.

ಹಣ ಸಾಲದೇ ಹೋಗುವುದು ಸಣ್ಣ ಸಣ್ಣ ಕಡೆ. ಹೊಸ ಸಿಮ್ಮು. ಕೋರ್ಟಿನ ವಾಯಿದೆ ದಿನದ ಬಸ್ ಚಾರ್ಜು, ಆ ದಿನ ಕಳೆದುಹೋದ ಕೂಲಿ. ಬಾಡಿಗೆ ಮನೆಯ ಅಡ್ವಾನ್ಸು. ಗ್ಯಾಸು, ಚಾಪೆ, ಎರಡು ಪಾತ್ರೆ. ಮಗುವಿನ ಶಾಲೆ ಪುಸ್ತಕ, ಹಳೆಯದು ಬಿಟ್ಟು ಬಂದ ಮನೆಯಲ್ಲೇ ಉಳಿದಿರುತ್ತದೆ. ಇದಕ್ಕೆಲ್ಲ ಉದ್ಘಾಟನೆ ಮಾಡಲು ಆಗುವುದಿಲ್ಲ, ಅದೇ ತೊಂದರೆ. ದಾನಿಗಳಿಗೆ ಲೆಕ್ಕ ಬೇಕು, ಖಂಡಿತ ಬೇಕು. ಎಷ್ಟು ಜನರಿಗೆ, ಯಾವ ಬಾಬ್ತಿಗೆ, ಎಷ್ಟು ರೂಪಾಯಿ ಎಂದು ಕೊಡಿ. ಹೆಸರಿರುವ ರಶೀದಿಗಳನ್ನು ಲೆಕ್ಕ ತಪಾಸಣೆಯವರು ಒಬ್ಬರು ನೋಡಿದರೆ ಸಾಕು.

ವ್ಯಾಯಾಮವನ್ನು ನಾನು ಬೇಡ ಎನ್ನುವುದಿಲ್ಲ. ಅದು ಕೌನ್ಸೆಲಿಂಗಿಗೆ ಬದಲಿಯಲ್ಲ, ಔಷಧಿಗೂ ಬದಲಿಯಲ್ಲ. ಆದರೆ ನಾಲ್ಕು ಜನರ ಜೊತೆ ಕೈ ಬೀಸಿ ನಡೆದವಳಿಗೆ ಆ ರಾತ್ರಿ ನಿದ್ದೆ ಬಂದದ್ದನ್ನು ಕೇಳಿದ್ದೇನೆ. ಹೇಳಿಕೊಡುವವರು ಮಾತ್ರ ಕೇಳದೆ ಮೈ ಮುಟ್ಟಿ ಭಂಗಿ ಸರಿ ಮಾಡಬಾರದು. ಹಿಂದಿನಿಂದ ಬಂದು ಹೆಗಲು ಹಿಡಿದರೆ ಆಕೆಗೆ ನೆನಪಾಗುವುದು ಬೇರೆಯೇ ಕೈ. ಕಣ್ಣು ಮುಚ್ಚಲೇಬೇಕು ಎನ್ನಬಾರದು. ಎರಡು ದಿನ ಬಾರದಿದ್ದರೆ ಎಲ್ಲರೆದುರು ಯಾಕೆ ಬರಲಿಲ್ಲ ಎಂದು ವಿಚಾರಿಸಬಾರದು. ಮುಖ್ಯವಾಗಿ ಆ ತರಗತಿ ಊರಿನ ಎಲ್ಲ ಹೆಂಗಸರದ್ದಾಗಿರಲಿ. ಮೊಣಕಾಲು ನೋವಿನವರು, ಸಕ್ಕರೆ ಕಾಯಿಲೆಯವರು, ಸುಮ್ನೆ ಹರಟೆಗೆ ಬರುವವರು. ಅವರ ನಡುವೆ ಆಕೆಯೂ ಒಬ್ಬಳು.

"ಹಾಗಾದರೆ ಅವರು ಬಂದಿದ್ದಾರೋ ಇಲ್ಲವೋ ನಮಗೆ ಗೊತ್ತಾಗುವುದು ಹೇಗೆ?"

"ಗೊತ್ತಾಗುವುದಿಲ್ಲ ಮಾಸ್ಟ್ರೇ."

ಅವರಿಗೆ ಬೇಸರವಾಯಿತು. ಆದರೂ ಮುಂದಿನ ವಾರ ಹೊಸ ಬ್ಯಾನರ್ ತಂದರು. ಅಳುವ ಹೆಂಗಸು ಇರಲಿಲ್ಲ. ಏಳು ಪದಾಧಿಕಾರಿಗಳು ಹಾಗೇ ಇದ್ದರು, ಅದು ಇರಲಿ ಬಿಡಿ. ಸ್ಟೇಜು ಬೇಡ, ಫೋಟೋ ಬೇಡ ಎಂದು ತಾವೇ ಹೇಳಿದರು. ಮೆಟ್ಟಿಲು ಇಳಿಯುತ್ತಾ ಒಮ್ಮೆ ತಿರುಗಿ ನಿಂತರು.

"ಮೇಡಂ, ಹೊಲಿಗೆ ಯಂತ್ರ ಒಂದಾದರೂ...?"